ಹೆಸರು ಬರೆಯಬಾರದ ಚೀಟಿ

ತಿಪಟೂರು, ವಿದ್ಯಾರ್ಥಿ ನಿಲಯ
ಕೊಠಡಿ ೧೧
೨೮ ನವೆಂಬರ್ ೧೯೮೯, ಮಂಗಳವಾರ ಸಂಜೆ

ಪ್ರೀತಿಯ ಗಿರಿಜಕ್ಕ,

ನಿನ್ನ ಹಲ್ಲುನೋವು ಈಗ ಹೇಗಿದೆ? ಲವಂಗ ಕಚ್ಚಿಕೊಂಡು ಇನ್ನೆಷ್ಟು ದಿನ ತಳ್ಳುತ್ತೀಯ? ಭದ್ರಾವತಿಯಂಥ ಊರಿನಲ್ಲಿ ಹಲ್ಲಿನ ಡಾಕ್ಟರು ಇಲ್ಲದೆ ಇರುತ್ತಾರೆಯೇ? ಭಾವನಿಗೆ ಹಗಲು ಪಾಳಿ ಇಲ್ಲದ ದಿನ ಇಬ್ಬರೂ ಹೋಗಿ ತೋರಿಸಿಕೊಂಡು ಬನ್ನಿ. ಹಲ್ಲು ಕೀಳಿಸಲು ಹೆದರಿ ಕೆನ್ನೆಗೆ ಪಂಚೆಯ ತುಂಡು ಕಟ್ಟಿಕೊಂಡು ಕೊಬ್ಬರಿ ಅಟ್ಟದ ಕೆಳಗೆ ಒಂದು ಮಧ್ಯಾಹ್ನವೆಲ್ಲ ಅಡಗಿ ಕೂತಿದ್ದವಳು ನೀನು ಎಂಬುದು ಭಾವನಿಗೆ ಗೊತ್ತಿದೆಯೋ ಇಲ್ಲವೋ. ಗೊತ್ತಿಲ್ಲದಿದ್ದರೆ ನಾನೇ ಒಂದು ಕಾರ್ಡು ಹಾಕುತ್ತೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಕೆಮಿಸ್ಟ್ರಿ ಟೆಸ್ಟಿನಲ್ಲಿ ಪಾಸಾದೆ, ಎಷ್ಟು ಬಂತೆಂದು ಮಾತ್ರ ಕೇಳಬೇಡ. ಊರಿನಲ್ಲಿ ಅಪ್ಪ ಅಮ್ಮ ಆರೋಗ್ಯ. ಕಲ್ಲಮ್ಮಜ್ಜಿಗೆ ಈ ಚಳಿಗೆ ಮಂಡಿ ಹಿಡಿದುಕೊಂಡಿದೆ, ಬಾಯಿ ಮಾತ್ರ ಹಿಡಿದುಕೊಂಡಿಲ್ಲ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಓಟಿನ ದಿನ ಕಳೆಯುವವರೆಗೆ ನನಗೆ ಊಟವೇ ಸೇರುತ್ತಿರಲಿಲ್ಲ, ಇನ್ನು ಕಾಗದ ಎಲ್ಲಿ ಬರೆಯಲಿ? ವಾರ್ಡನ್ ರೂಮಿನ ರೇಡಿಯೋದಲ್ಲಿ ಯಾರು ಗೆದ್ದರು ಯಾರು ಸೋತರು ಎಂದು ನಿನ್ನೆಯಿಂದ ಹೇಳುತ್ತಲೇ ಇದ್ದಾರೆ, ಹುಡುಗರೆಲ್ಲ ಅಲ್ಲೇ ಜೋತುಬಿದ್ದಿದ್ದಾರೆ. ಅದೆಲ್ಲ ನಿನಗೆ ಪೇಪರಿನಲ್ಲಿ ಸಿಗುತ್ತದೆ. ನೀನು ಕೇಳಿದ್ದು ಬೇರೆ. 'ಸಿದ್ದೂ, ನಿನ್ನ ಮೊದಲನೇ ಓಟು, ಹಾಳು ಮಾಡಿಕೊಳ್ಳಬೇಡ, ಹೇಗೆ ಹಾಕಿದೆ ಎಂದು ಒಂದೂ ಬಿಡದೆ ಬರಿ' ಎಂದು ಬರೆದಿದ್ದೆ. ಅದರ ಕೆಳಗೆ ಇನ್ನೊಂದು ಮಾತೂ ಬರೆದಿದ್ದೆ, ಅದಕ್ಕೆ ಆಮೇಲೆ ಬರುತ್ತೇನೆ. ಈಗ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನಡುವಿನ ಪುಟ ಹಾರಿಸಿ ಓದುತ್ತೀಯ: ನನ್ನ ಓಟು ಹಾಳಾಗಲಿಲ್ಲ. ಪೆಟ್ಟಿಗೆಯೊಳಗೆ ಸರಿಯಾಗಿ ಬಿತ್ತು. ಆದರೆ ಬೀಳುವ ಮೊದಲು ಒಂದು ಸಲ ಹಾಳಾಗಿತ್ತು. ಅದಕ್ಕೆ ಅರ್ಧ ಕಾರಣ ನೀನೇ.

ಕಾಲೇಜು ಸೇರಿದ ತಿಂಗಳಿಗೇ ಎನ್.ಎಸ್.ಎಸ್.ಗೆ ಹೆಸರು ಕೊಟ್ಟಿದ್ದೆನಲ್ಲ, ಅಲ್ಲಿಂದ ಶುರುವಾಯಿತು. ನಮ್ಮ ಚಿಕ್ಕರಂಗಯ್ಯ ಮೇಷ್ಟ್ರು ಪಾಲಿಟಿಕಲ್ ಸೈನ್ಸ್ ಮಾಡುವವರು, ಮಾತಾಡುವಾಗ ಚಾಕ್‌ಪೀಸನ್ನು ಬೀಡಿಯ ಹಾಗೆ ಹಿಡಿದುಕೊಳ್ಳುತ್ತಾರೆ. ಒಂದು ದಿನ ನಮ್ಮನ್ನೆಲ್ಲ ಕೂಡಿಸಿಕೊಂಡು, 'ಓಟಿನ ವಯಸ್ಸು ಇಪ್ಪತ್ತೊಂದು ಇದ್ದದ್ದು ಹದಿನೆಂಟಾಗಿದೆ. ಡೆಲ್ಲಿಯಲ್ಲಿ ಕಾನೂನು ಮಾಡಿಬಿಟ್ರೆ ಆಯ್ತೇನ್ರಯ್ಯಾ? ನಿಮ್ ನಿಮ್ಮೂರಿನ ಹುಡುಗ್ರು ಬೂತಿನ ಹೊಸಲು ದಾಟ್ಬೇಕು. ದಾಟಿಸೋರು ಯಾರು? ನಾನಂತೂ ಅಲ್ಲ, ನಂಗೆ ಶುಗರ್ ಇದೆ' ಎಂದರು. ಎಲ್ಲರಿಗೂ ಅವರವರ ಊರು ಹಂಚಿದರು. ನಮ್ಮ ಊರಿನಿಂದ ಇರುವವನು ನಾನೊಬ್ಬನೇ. ಐದನೇ ಕ್ಲಾಸಿನಿಂದ ತುಮಕೂರಿನ ಹಾಸ್ಟೆಲ್ಲಿನಲ್ಲಿ ಇಂಗ್ಲಿಷ್ ಮೀಡಿಯಂ ಓದಿ, ರಜಕ್ಕೆ ಮಾತ್ರ ಊರು ನೋಡಿದವನು ನಾನು. ನಮ್ಮ ಬೀದಿಯ ಹೆಸರುಗಳೇ ನನಗೆ ನಾಲಿಗೆಗೆ ಬೇಗ ಬರುವುದಿಲ್ಲ. ಮಾಯಸಂದ್ರದಲ್ಲಿ ಬಸ್ಸಿಳಿದು ಊರಿನ ದಾರಿ ಹಿಡಿದವನು ಆ ಹೆಸರುಗಳನ್ನೇ ಬಾಯಿಪಾಠ ಮಾಡುತ್ತಾ ನಡೆದೆ. ನರ್ವಸ್ ಎಂದರೆ ನಿನಗೆ ನಗು, ಆದರೆ ನಾನು ನರ್ವಸ್ ಆಗಿದ್ದೆ ಅಕ್ಕ.

ನಮ್ಮ ಅಟ್ಟದ ಕೆಳಗೇ ಪಾಠ ಇಟ್ಟುಕೊಂಡೆ. ಮೇಲೆ ಈ ವರ್ಷದ ಕಾಯಿ ಒಣಗಲು ಹಾಕಿದ್ದಾರೆ, ಕೆಳಗೆ ತಂಪು. ಐದು ಜನ ಬಂದರು, ಎಲ್ಲರೂ ಹದಿನೆಂಟು ಹತ್ತೊಂಬತ್ತರವರು, ಅಮ್ಮ ಅವಲಕ್ಕಿ ಒಗ್ಗರಣೆ ಹಾಕಿದ ವಾಸನೆಗೆ ಇನ್ನೂ ಹತ್ತು ಜನ ಬಂದರು. ನಿಜವಾದ ಪಕ್ಷಗಳ ಗುರುತು ಬೇಡವೆಂದು ಮೇಷ್ಟ್ರು ಹೇಳಿದ್ದರಿಂದ ನಾನೇ ಚೀಟಿಯ ಮೇಲೆ ಬೆಕ್ಕು, ಒರಳುಕಲ್ಲು, ಹಲಸಿನ ಹಣ್ಣು ಬರೆದಿದ್ದೆ. ಮುದ್ರೆಗೆ ಬೆಂಡೆಕಾಯಿಯ ತುಂಡು. ಶಾಯಿಗೆ ಅದ್ದಿ ಒತ್ತಿದರೆ ಎಷ್ಟು ಚೆಂದ ಹೂವು ಮೂಡುತ್ತದೆ ಗೊತ್ತಾ. ಬೆಕ್ಕು ಭಾರಿ ಬಹುಮತದಿಂದ ಗೆದ್ದಿತು. ಒರಳುಕಲ್ಲಿಗೆ ಬಿದ್ದದ್ದು ಒಂದೇ ಓಟು, ಅದು ಅಮ್ಮನದೇ ಇರಬೇಕು. ಎಲ್ಲಿ ಒತ್ತಬೇಕು, ಶಾಯಿ ಇನ್ನೊಂದು ಗುರುತಿಗೆ ತಾಗದಂತೆ ಹೇಗೆ ಮಡಚಬೇಕು, ಎಲ್ಲ ತೋರಿಸಿದೆ. ಕೊನೆಗೆ ದೊಡ್ಡ ಗಂಟಲಿನಲ್ಲಿ, 'ಚೀಟಿಯ ಮೇಲೆ ಏನೂ ಬರೆಯಬೇಡಿ, ಹೆಸರಂತೂ ಬೇಡವೇ ಬೇಡ. ಯಾರ ಓಟೆಂದು ಗುರುತು ಸಿಕ್ಕಿದರೆ ಆ ಓಟು ರದ್ದು' ಎಂದೆ. ಈ ಮಾತನ್ನು ಹೇಳಿದವನು ನಾನೇ ಎಂಬುದನ್ನು ನೆನಪಿನಲ್ಲಿಟ್ಟುಕೋ.

ನಮ್ಮ ತೋಟದಲ್ಲಿ ಕಾಯಿ ಸುಲಿಯುವ ಸಣ್ಣತಿಮ್ಮಯ್ಯನ ಮಗ ಹುಚ್ಚರಂಗ ನಿನಗೆ ಗೊತ್ತಲ್ಲ. ನಾಲ್ಕನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತವನು, ಹಾಗಾಗಿ ಅವನಿಗೆ ನನ್ನ ಮೇಲೆ ಮುಲಾಜಿಲ್ಲ. 'ಹೆಸ್ರಿಲ್ದಿದ್ರೆ ನಾನು ಹಾಕಿದ್ದು ಅಂತ ಗೆದ್ದೋರಿಗೆ ಹೆಂಗ್ಲಾ ಗೊತ್ತಾಗದು?' ಎಂದ. ಗೊತ್ತಾಗಬಾರದು, ಸೀಕ್ರೆಟ್ ಬ್ಯಾಲೆಟ್ ಎಂದರೆ ಅದೇ ಎಂದೆ. 'ಗೊತ್ತಾಗ್ದೆ ಇರಾದಕ್ಕೆ ಒಂದಿನದ ಕೆಲ್ಸ ಬುಟ್ಟು ಬರ್ಬೇಕಾ? ಬುಡಪ್ಪ ಇಂಗ್ಲಿಷ್ ಸಿದ್ದಪ್ಪ' ಎಂದು ಎದ್ದ. ಎಲ್ಲರೂ ನಕ್ಕರು, ಅವಲಕ್ಕಿಯೂ ಮುಗಿದಿತ್ತು. ಆದರೆ ಹೊರಡುವಾಗ ಬಾಗಿಲ ಹತ್ತಿರ ನನ್ನನ್ನೊಬ್ಬನನ್ನೇ ನಿಲ್ಲಿಸಿಕೊಂಡು ಮೆಲ್ಲಗೆ, 'ನೀನು ಓದ್ದೋನು, ನಿಂಗೇನು ಕಣ್ಲಾ. ನಾನು ಒಳಿಕ್ಕೋಗಿ ಏನಾರ ಎಡವಟ್ ಮಾಡುದ್ರೆ ಊರೆಲ್ಲ ಯುಗಾದಿಗಂಟ ಆಡ್ಕೋತದೆ' ಎಂದ. ಆಗ ನನಗೆ ಅರ್ಥವಾಯಿತು. ಉಳಿದ ನಾಲ್ವರೂ ಬರುವುದೂ ಬಿಡುವುದೂ ಇವನ ಮೇಲಿದೆ, ಇವನಿಗಿರುವುದು ಉದಾಸೀನವಲ್ಲ, ಹೆದರಿಕೆ. ನನಗಿರುವ ಹೆದರಿಕೆಯೇ. ಅದಕ್ಕೆ ನನ್ನ ಹತ್ತಿರ ಯಾವ ಬೆಂಡೆಕಾಯಿಯೂ ಇರಲಿಲ್ಲ.

ಇನ್ನು ಮನೆಯೊಳಗಿನದು. ಓಟಿನ ಹಿಂದಿನ ದಿನ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡಿಕೊಂಡೇ, 'ನಮ್ಮನೆ ಓಟು ಯಾವತ್ತೂ ಒಂದೇ ಕಡೆ ಹೋಗಿರೋದು' ಎಂದರು. ಅಷ್ಟೇ. ಎಲ್ಲಿಗೆಂದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ ಕಡೆ. ಆಗ ಅಜ್ಜಿ ಕಂಬಕ್ಕೆ ಒರಗಿ ಎಲೆಅಡಿಕೆ ಮಡಚುತ್ತಾ, 'ಹಂಗಂತ ನಿಮ್ಮಪ್ಪನೂ ಅನ್ಕಂಡಿದ್ದ ಕಣಪ್ಪ ಬಸವರಾಜ. ಮೊದಲ್ನೇ ಎಲೆಕ್ಷನ್ನಿಂದ ನಾನು ಯಾರಿಗಾಕಿದೀನಿ ಅಂತ ಆ ಶಿವಂಗೆ ಗೊತ್ತು' ಎಂದಳು. ಅಪ್ಪ ಕೈಯಲ್ಲಿ ತುತ್ತು ಹಿಡಿದುಕೊಂಡು ಅಜ್ಜಿಯನ್ನೇ ನೋಡಿದರು. ಅಮ್ಮ ಸಾರು ತರುತ್ತೇನೆಂದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ, ನಗುತ್ತಿದ್ದಳೆಂದು ಕಾಣುತ್ತದೆ.

ಮಾರನೆಯ ದಿನ ಬೆಳಿಗ್ಗೆ ನಮ್ಮ ಪ್ರೈಮರಿ ಸ್ಕೂಲಿನ ಬೂತಿಗೆ ಎಲ್ಲರಿಗಿಂತ ಮುಂಚೆ ಹೋಗಿ ನಿಲ್ಲಬೇಕೆಂದಿದ್ದೆ, ಅಜ್ಜಿಯ ಮಂಡಿಯ ಜೊತೆ ನಡೆದು ಹೋಗುವಷ್ಟರಲ್ಲಿ ಹತ್ತು ಗಂಟೆ. ಅಜ್ಜಿ ನಿನ್ನ ಮದುವೆಗೆ ಉಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು. ಹೆಂಗಸರ ಸಾಲು ಉದ್ದ ಇತ್ತು, ಗಂಡಸರದು ಅದಕ್ಕಿಂತ ಉದ್ದ. ಹುಚ್ಚರಂಗ ಮತ್ತು ಅವನ ನಾಲ್ವರು ಸಾಲಿನಲ್ಲಿ ಇರಲಿಲ್ಲ, ಆಚೆ ಹುಣಿಸೆಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಇಡೀ ಸಾಲನ್ನು ಸಿನಿಮಾದ ಹಾಗೆ ನೋಡುತ್ತಿದ್ದರು. ನಾನು ಕೈ ಬೀಸಿದೆ. ಅವನೂ ಬೀಸಿದ. ಎದ್ದು ಮಾತ್ರ ಬರಲಿಲ್ಲ. ಮೇಷ್ಟ್ರಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಸಾಲಿನಲ್ಲಿ ಮುಂದೆ ಮುಂದೆ ಹೋದೆ. ನನ್ನ ಓಟಾದರೂ ಸರಿಯಾಗಿ ಬಿದ್ದರೆ ಸಾಕು, ಅಕ್ಕನಿಗೆ ಬರೆಯಲು ಅಷ್ಟಾದರೂ ಇರುತ್ತದೆ ಎಂದುಕೊಂಡೆ.

ಒಳಗೆ ಎಲ್ಲ ನಾನು ಪಾಠ ಮಾಡಿದ ಹಾಗೇ ನಡೆಯಿತು. ಹೆಸರು ಕೂಗಿದರು, 'ಬಿ. ಮರುಳಸಿದ್ದಯ್ಯ.' ಎಡಗೈ ಬೆರಳಿಗೆ ಶಾಯಿ ಹಚ್ಚಿದರು. ಚೀಟಿಯ ಕೌಂಟರ್‌ಫಾಯಿಲಿಗೆ ಸೈನು ಮಾಡು ಎಂದರು. ಜೇಬಿನಿಂದ ಪೆನ್ನು ತೆಗೆದು ಮಾಡಿದೆ. ನೀನು ಬಿಟ್ಟುಹೋದ ಹಸಿರು ಮುಚ್ಚಳದ ಪೆನ್ನು. ವಿಧಾನಸಭೆಗೊಂದು, ಲೋಕಸಭೆಗೊಂದು, ಎರಡು ಚೀಟಿ ಕೊಟ್ಟರು. ಗೋಣಿತಟ್ಟಿನ ಮರೆಗೆ ಹೋದೆ. ಎರಡಕ್ಕೂ ಮುದ್ರೆ ಒತ್ತಿದೆ, ಎಲ್ಲಿಗೆ ಒತ್ತಬೇಕೆಂದಿದ್ದೆನೋ ಅಲ್ಲಿಗೇ ಒತ್ತಿದೆ. ಒಂದನ್ನು ಮಡಚಿದೆ. ಇನ್ನೊಂದನ್ನು ಮಡಚುವ ಮೊದಲು ನನ್ನ ಕೈ ಏನು ಮಾಡಿತು ಗೊತ್ತಾ ಅಕ್ಕ? ಪೆನ್ನು ತೆಗೆದು, ಚೀಟಿಯ ಕೆಳಗಿನ ಅಂಚಿನಲ್ಲಿ, ಅಂದವಾಗಿ, 'ಕೆ. ಬಸವರಾಜಪ್ಪ' ಎಂದು ಬರೆದುಬಿಟ್ಟಿತು. ಪಕ್ಕದಲ್ಲಿ ಅಪ್ಪನ ಕೊಬ್ಬರಿ ವ್ಯಾಪಾರದ ಲೈಸೆನ್ಸ್ ನಂಬರಿನ ಮೊದಲ ಎರಡು ಅಂಕಿಯನ್ನೂ ಬರೆದಿತ್ತು. ಆಗ ನಾನು ಎಚ್ಚರವಾದೆ.

ಇದು ಹೇಗಾಯಿತೆಂದು ಬೇರೆ ಯಾರಿಗಾದರೂ ಬಿಡಿಸಿ ಹೇಳಬೇಕು, ನಿನಗಲ್ಲ. ಐದು ತಿಂಗಳಿಂದ ಬುಧವಾರ ಶನಿವಾರ ಕ್ಲಾಸು ಮುಗಿಸಿ ಕೊಬ್ಬರಿ ಮಾರ್ಕೆಟ್ಟಿಗೆ ಓಡುತ್ತೇನೆ. ಅಪ್ಪ ಒಂದೊಂದು ರಾಶಿಯ ಕೊಬ್ಬರಿ ಮುರಿದು ನೋಡಿ ಕಿವಿಯಲ್ಲಿ ದರ ಹೇಳುತ್ತಾರೆ. ನಾನು ಯಾರಿಗೂ ಕಾಣದ ಹಾಗೆ ಟೆಂಡರ್ ಚೀಟಿಯಲ್ಲಿ ದರ ಬರೆದು, ಕೆಳಗೆ ಅಪ್ಪನ ಹೆಸರು, ಲೈಸೆನ್ಸ್ ನಂಬರು ಬರೆದು, ಎರಡು ಮಡಿಕೆ ಮಡಚಿ, ಪೆಟ್ಟಿಗೆಗೆ ಹಾಕುತ್ತೇನೆ. ಹೆಚ್ಚು ದರ ಬರೆದವರಿಗೆ ಆ ರಾಶಿ. ದಿನಕ್ಕೆ ನಲವತ್ತು ಐವತ್ತು ಚೀಟಿ. ಮದುವೆಗೆ ಮುಂಚೆ ನೀನು ಇದೇ ಪೆನ್ನಿನಲ್ಲಿ ಮನೆಯಲ್ಲೇ ಕೂತು ಆ ಹೆಸರನ್ನು ಕಟ್ಟುಗಟ್ಟಲೆ ಬರೆದಿಡುತ್ತಿದ್ದೆ. ರಜಕ್ಕೆ ಬಂದ ನನ್ನನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ಒಂದು ಚೀಟಿ ಖಾಲಿ ಬಿಟ್ಟರೆ ತಲೆಗೆ ಮೊಟಕಿ, 'ಹೆಸ್ರು ಬರೀದಿದ್ ಚೀಟಿ ಕಸ ಕಣೋ, ಗುಡಿಸಿ ಹಾಕ್ತಾರೆ' ಎನ್ನುತ್ತಿದ್ದೆ. ಆ ಮೊಟಕು ಈಗ ಕೆಲಸ ಮಾಡಿತು. ಕಾಗದ, ಗುಟ್ಟು, ಮಡಿಕೆ, ಪೆಟ್ಟಿಗೆ, ಎಲ್ಲವೂ ಇದ್ದ ಮೇಲೆ ಹೆಸರು ಬರೆಯದೆ ಕೈ ಸುಮ್ಮನಿರುತ್ತದೆಯೇ?

ಆ ಮರೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಮಡಚಿ ಪೆಟ್ಟಿಗೆಗೆ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಶಾಯಿ ಬೆರಳಿನಲ್ಲಿದೆ, ಹೊರಗೆ ಹೋಗಿ ತೋರಿಸಿದರೆ ಆಯಿತು. ನಿನಗೂ 'ಚೆನ್ನಾಗಿ ಹಾಕಿದೆ' ಎಂದು ಒಂದು ಸಾಲು ಬರೆದರೆ ಆಯಿತು. ಆದರೆ ಎಣಿಸುವವರು ಅದನ್ನು ಬಿಚ್ಚಿ, ಓದಿ, ಪಕ್ಕಕ್ಕೆ ಎಸೆಯುತ್ತಾರೆ. ನನ್ನ ಮೊದಲನೆಯ ಓಟು, ಅದೂ ಅಪ್ಪನ ಹೆಸರಿನಲ್ಲಿ, ಕಸ. ಕೆಟ್ಟ ಚೀಟಿಯನ್ನು ವಾಪಸು ಕೊಟ್ಟು ಇನ್ನೊಂದು ಕೇಳಬಹುದೆಂದು ಚಿಕ್ಕರಂಗಯ್ಯ ಮೇಷ್ಟ್ರು ಒಂದು ಸಲ ಹೇಳಿದ್ದರು. ಆದರೆ ಕೇಳುವುದೆಂದರೆ ಒಳಗೆ ಕೂತಿರುವವರೆಲ್ಲರ ಮುಂದೆ, ಕಿಟಕಿಯಿಂದ ಇಣುಕುತ್ತಿರುವ ಊರಿನ ಮುಂದೆ, ಪಾಠ ಮಾಡಿದವನೇ ಫೇಲಾದೆ ಎಂದು ಹೇಳಬೇಕು. ಹೊರಗಿನಿಂದ ಯಾರೋ, 'ಏನ್ಲಾ ಒಳಗೆ ಮನ್ಗವ್ನಾ?' ಎಂದರು. ನಾನು ಚೀಟಿಯ ಮೇಲ್ಭಾಗವನ್ನು ಮಡಚಿ, ಹೆಸರು ಮಾತ್ರ ಕಾಣುವಂತೆ ಹಿಡಿದು ಹೊರಗೆ ಬಂದೆ.

ಬೂತಿನ ಆಫೀಸರು ಪಾವಗಡದ ಕಡೆಯ ಹೈಸ್ಕೂಲು ಮೇಷ್ಟ್ರಂತೆ, ಮಫ್ಲರ್ ಸುತ್ತಿಕೊಂಡಿದ್ದರು. 'ಸಾರ್, ಕೆಟ್ಟುಹೋಯ್ತು' ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. ಬೇಕೆಂತಲೇ ಬರೆದೆಯಾ ಎಂದು ಗದರಿದರು. 'ಇಲ್ಲ ಸಾರ್, ಅಭ್ಯಾಸ ಸಾರ್, ಟೆಂಡರ್ ಚೀಟಿ ಸಾರ್' ಎಂದೆ. ಶೇಂಗಾ ಸೀಮೆಯವರಿಗೆ ಅದು ಅರ್ಥವಾಗಲಿಲ್ಲ. ಆದರೆ ಆ ಕೋಣೆಯಲ್ಲಿ ಉಳಿದವರೆಲ್ಲ ಕೊಬ್ಬರಿಯವರೇ ತಾನೇ? ಒಂದು ಪಕ್ಷದ ಏಜೆಂಟಾಗಿ ಕೂತಿದ್ದ ಏಕಾಂತಯ್ಯನವರು, ಅಪ್ಪನ ಜೊತೆ ಪ್ರತಿ ಶನಿವಾರ ಟೆಂಡರಿಗೆ ನಿಲ್ಲುವವರು, 'ಎಷ್ಟಕ್ಕೆ ಕೂಗಿದೀಯಪ್ಪಾ ಕ್ವಿಂಟಾಲಿಗೆ?' ಎಂದರು. ಅಷ್ಟೇ. ಎದುರು ಪಕ್ಷದ ಏಜೆಂಟರು ಅವರ ಭುಜಕ್ಕೇ ಒರಗಿ ನಕ್ಕರು, ಬೆರಳಿಗೆ ಶಾಯಿ ಹಚ್ಚುವವನು ಶಾಯಿಯ ಬಾಟಲಿ ಉರುಳಿಸಿದ, ಹೆಂಗಸರ ಸಾಲಿನಿಂದ ಅಜ್ಜಿ 'ಏನಂತೆ, ಏನಂತೆ?' ಎಂದು ಕೂಗಿದಳು. ಆಫೀಸರಿಗೆ ಎಲ್ಲರೂ ಸೇರಿ ಟೆಂಡರಿನ ವಿಧಾನ ವಿವರಿಸಿದರು. ಅವರು ಪುಸ್ತಕ ತೆಗೆದು ಒಂದು ಪುಟ ನಿಧಾನವಾಗಿ ಓದಿ, ನನ್ನ ಮುಖ ನೋಡಿ, ಹಳೆಯ ಚೀಟಿಯ ಮೇಲೆ 'ರದ್ದು' ಎಂದು ಬರೆದು ಲಕೋಟೆಗೆ ಹಾಕಿದರು. ಹೊಸದು ಕೊಟ್ಟರು. ಕೊಡುವಾಗ, 'ಆ ಪೆನ್ನು ಇಲ್ಲಿಟ್ಟು ಹೋಗು' ಎಂದರು.

ಮುದ್ರೆ ಒತ್ತಿ, ಕೈ ಎರಡನ್ನೂ ನೋಡಿಕೊಂಡು, ಮಡಚಿ, ಎರಡೂ ಪೆಟ್ಟಿಗೆಗೆ ಹಾಕಿದೆ. ಚೀಟಿ ಒಳಗೆ ಬಿದ್ದ ಸದ್ದು ಎಷ್ಟು ಸಣ್ಣದು ಅಕ್ಕ. ಹೊರಗೆ ಬರುವಷ್ಟರಲ್ಲಿ ಸುದ್ದಿ ಹುಣಿಸೆಮರ ಮುಟ್ಟಿತ್ತು. ಹುಚ್ಚರಂಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇವನು ಯುಗಾದಿಯವರೆಗೆ ಅಲ್ಲ, ಮುಂದಿನ ಎಲೆಕ್ಷನ್ನಿನವರೆಗೂ ಆಡಿಕೊಳ್ಳುತ್ತಾನೆ ಎಂದುಕೊಂಡೆ. ಅವನು ನಗು ನಿಲ್ಲಿಸಿ, 'ಕೆಟ್ಟೋದ್ರೆ ಇನ್ನೊಂದು ಕೊಡ್ತಾರೇನ್ಲಾ?' ಎಂದು ಕೇಳಿದ. ಕೊಟ್ಟರು ಎಂದೆ. 'ಬೈಯ್ಯಲ್ವಾ?' ಪೆನ್ನು ಕಿತ್ತುಕೊಂಡರು, ಬೈಯಲಿಲ್ಲ ಎಂದೆ. ಎದ್ದು ಲುಂಗಿ ಕೊಡವಿ, 'ಬನ್ರಲಾ, ಓದಿರೋನೇ ಎಡವಟ್ ಮಾಡವ್ನೆ, ನಮ್ದೇನು' ಎಂದು ಸಾಲಿಗೆ ನಡೆದ. ಐದು ಜನವೂ ಹೋದರು. ನನ್ನ ಪಾಠದಿಂದ ಆಗದ ಕೆಲಸ ನನ್ನ ತಪ್ಪಿನಿಂದ ಆಯಿತು. ಮುಕ್ಕಾಲು ಗಂಟೆಯ ಮೇಲೆ ಹುಚ್ಚರಂಗ ಬೆರಳು ಎತ್ತಿಕೊಂಡು ಬಂದ, ಇನ್ನೊಂದು ಕೈಯಲ್ಲಿ ನನ್ನ ಹಸಿರು ಪೆನ್ನು. 'ಮಫ್ಲರ್ ಮೇಷ್ಟ್ರು ಕೊಟ್ರು, ಟೆಂಡರ್ ಸಿದ್ದಪ್ಪಂಗೆ ಕೊಡು ಅಂದ್ರು' ಎಂದ. ಹೀಗೆ ಇಂಗ್ಲಿಷ್ ಹೋಗಿ ಟೆಂಡರ್ ಆಯಿತು ನನ್ನ ಹೆಸರು. ಪರವಾಗಿಲ್ಲ, ಇದು ಊರಿನ ಹೆಸರು.

ಮನೆಗೆ ಹೋದರೆ ಅಪ್ಪನಿಗೆ ಏಕಾಂತಯ್ಯನವರು ಆಗಲೇ ಹೇಳಿಯಾಗಿತ್ತು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅಪ್ಪ ನಗು ತಡೆಯಲಾರದೆ, 'ನನ್ ಹೆಸ್ರಿಗೆ ಒಂದೇ ಓಟು ಸಾಕು ಕಣಪ್ಪ. ನಿಂದು ನೀನು ನೋಡ್ಕೋ' ಎಂದರು. ಯಾರಿಗೆ ಹಾಕಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಜ್ಜಿ ಮಾತ್ರ ಕಂಬದ ಹತ್ತಿರದಿಂದ ನನಗೆ ಕಣ್ಣು ಮಿಟುಕಿಸಿದಳು. ನಿನಗೂ ಹೇಳುವುದಿಲ್ಲ, ಕೇಳಬೇಡ.

ಸಂಜೆ ಊಟದ ಗಂಟೆ ಹೊಡೆಯುತ್ತಿದ್ದಾರೆ. ತಡವಾದರೆ ಸಾರಿನ ತಳವೇ ಗತಿ. ಹಲ್ಲು ತೋರಿಸಿಕೋ. ಭಾವನಿಗೆ ನನ್ನ ನಮಸ್ಕಾರ. ಸಂಕ್ರಾಂತಿಗೆ ನೀವಿಬ್ಬರೂ ಬರಬೇಕೆಂದು ಅಮ್ಮ, ಎಳ್ಳು ಹುರಿಯುವಾಗ ನಿನ್ನನ್ನೇ ನೆನೆಯುತ್ತೇನೆಂದು ಅಜ್ಜಿ, ಇಬ್ಬರೂ ಬರೆಯಲು ಹೇಳಿದ್ದಾರೆ.

ನಿನ್ನ ತಮ್ಮ,
ಸಿದ್ದು

ಮರೆತೇಬಿಟ್ಟಿದ್ದೆ, ಲಕೋಟೆಗೆ ಅಂಟು ಹಚ್ಚುವಾಗ ನೆನಪಾಯಿತು, ನಿನ್ನ ಕಾಗದದ ಆ ಇನ್ನೊಂದು ಮಾತು. ಭಾವನಿಗೆ ಮಾತ್ರ ಓಟಿನ ಚೀಟಿ ಬಂತು, ನಿನಗೆ ಬರಲಿಲ್ಲ, 'ನನ್ನದೂ ನೀನೇ ಹಾಕಿಬಿಡು' ಎಂದು ತಮಾಷೆ ಮಾಡಿದ್ದೆ. ಮರೆತಿರಲಿಲ್ಲ ಅಕ್ಕ, ಬರೆಯಲು ಧೈರ್ಯ ಬಂದಿರಲಿಲ್ಲ, ಅಷ್ಟೇ. ಊರಿನ ಪಟ್ಟಿ ಪೂರ್ತಿ ನೋಡಿದೆ, ನಿನ್ನ ಹೆಸರು ಅಲ್ಲೂ ಇಲ್ಲ. ಮಳೆಗಾಲದ ಶುರುವಿನಲ್ಲಿ ಪಟ್ಟಿ ಬರೆಯುವವರು ಮನೆಗೆ ಬಂದಾಗ ನಾನು ನನ್ನ ವಯಸ್ಸು ತೋರಿಸಲು ಮಾರ್ಕ್ಸ್ ಕಾರ್ಡು ಹಿಡಿದು ಜಗುಲಿಯಲ್ಲೇ ನಿಂತಿದ್ದೆ. 'ಮಗಳು?' ಎಂದರು. ಅಪ್ಪ 'ಕೊಟ್ಟಾಯ್ತಲ್ಲ' ಎಂದರು. ಅವರು ಮುಂದಿನ ಸಾಲಿಗೆ ಹೋದರು. ಅಕ್ಕನಿಗೂ ಇಪ್ಪತ್ತಾಗಿದೆ, ಭದ್ರಾವತಿಯಲ್ಲಿ ಸೇರಿಸಲು ಏನು ಮಾಡಬೇಕು ಎಂದು ನಾನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಈಗ ಹೆಸರು ಸೇರಿಸುವ ಅರ್ಜಿ ತಂದು ಇದರೊಳಗೆ ಇಟ್ಟಿದ್ದೇನೆ. ವಯಸ್ಸು, ನಿಮ್ಮ ಕ್ವಾರ್ಟರ್ಸಿನ ವಿಳಾಸ ನಾನೇ ತುಂಬಿದ್ದೇನೆ, ಭಾವನ ಹೆಸರಿಗೆ ಕೆಳಗೆ ಬೇರೆ ಜಾಗವಿದೆ. ಮೇಲಿನ ಮೊದಲನೇ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ. ಅಪ್ಪನ ಹೆಸರನ್ನು ಅಷ್ಟು ಸಾವಿರ ಸಲ ಬರೆದ ಕೈಯಲ್ಲಿ ಅಲ್ಲಿ ನಿನ್ನದನ್ನು ಬರೆದು ಬೇಗ ಕೊಟ್ಟುಬಿಡು. ಇದು ನೀನು ಹೇಳುತ್ತಿದ್ದಂಥ ಚೀಟಿ, ಹೆಸರು ಬರೆಯದಿದ್ದರೆ ಗುಡಿಸಿ ಹಾಕುತ್ತಾರೆ.